ಒಮ್ಮೆ ಕೆಳಗಿಟ್ಟ ಬುಟ್ಟಿಯನ್ನೇ ಮತ್ತೆ ಎತ್ತಿಕೊಂಡವರು

ಕೊಚ್ಚಿ: ಕಲೂರಿನಲ್ಲಿ ಮಂಗಳವಾರ ಬಂತೆಂದರೆ ಸಂತ ಅಂತೋನಿಯವರ ಪುಣ್ಯಕ್ಷೇತ್ರಕ್ಕೆ ಬರುವ ಭಕ್ತರ ದಟ್ಟಣೆ. ಬಸ್ ನಿಲ್ದಾಣದ ಗದ್ದಲ ಬೇರೆ. 2017ರ ಅಕ್ಟೋಬರ್‌ನಿಂದ ತಲೆಯ ಮೇಲೆ ಮೆಟ್ರೋ ಓಡಾಟವೂ ಸೇರಿಕೊಂಡಿದೆ. ಈ ಸಡಗರದ ನಡುವೆ ಬಿಗ್‌ಬಾಸ್ಕೆಟ್ ಎಂದು ಬರೆದ ವಾಹನವೊಂದು ಫ್ಲ್ಯಾಟಿನ ಗೇಟಿನ ಮುಂದೆ ನಿಂತು, ಅಕ್ಕಿ, ಬೇಳೆ, ಟೊಮೇಟೊ ಇಳಿಸಿ ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ಅಷ್ಟು ಮಾಮೂಲಾಗಿದೆ. ಬ್ಯಾಂಕಿನ ವರ್ಗಾವಣೆ, ಹೋಟೆಲು, ವ್ಯಾಪಾರ ಎಂದು ಬಂದು ಇಲ್ಲಿಯೇ ನೆಲೆಸಿದ ಹೊರನಾಡ ಕನ್ನಡಿಗರ ಮನೆಗಳಿಗೂ ದಿನಸಿ ಈಗ ಹೀಗೆಯೇ ಬರುತ್ತದೆ. ಆದರೆ ಈ ಬುಟ್ಟಿ ಹೊರಟದ್ದು ಬೆಂಗಳೂರಿನಿಂದ, ಅದೂ ಒಮ್ಮೆ ಸೋತು ಎರಡನೆಯ ಬಾರಿಗೆ ಎಂಬುದು ಅನೇಕರಿಗೆ ತಿಳಿಯದು.

ಬಿಗ್‌ಬಾಸ್ಕೆಟ್ ಸ್ಥಾಪಕರಲ್ಲಿ ಒಬ್ಬರಾದ ಹರಿ ಮೆನನ್ ಅವರ ಮೂಲ ಕೇರಳ. ಬೆಳೆದದ್ದು ಮುಂಬಯಿಯಲ್ಲಿ, ಓದಿದ್ದು ಪಿಲಾನಿಯ ಬಿಟ್ಸ್ ಸಂಸ್ಥೆಯಲ್ಲಿ, ಹೆಸರು ಮಾಡಿದ್ದು ಬೆಂಗಳೂರಿನಲ್ಲಿ. ಉಡುಪಿ, ಕಾಸರಗೋಡು, ಮಂಗಳೂರಿನಿಂದ ಹೊರಟು ಪರವೂರಿನಲ್ಲಿ ಬದುಕು ಕಟ್ಟಿದವರಿಗೆ ಈ ದಾರಿ ಹೊಸದೇನಲ್ಲ, ದಿಕ್ಕು ಮಾತ್ರ ಬೇರೆ.

ಸಸೆಕ್ಸ್‌ನ ಒಂದು ಸಂಜೆ ನಡಿಗೆ

ಮನೆಯಲ್ಲೇ ಕುಳಿತು ದಿನಸಿ ತರಿಸುವ ಯೋಚನೆ ಮೂಲತಃ ಬ್ರಿಟನ್ನಿನದು. ರೆಡಿಫಾನ್ ಎಂಬ ಕಂಪ್ಯೂಟರ್ ಕಂಪೆನಿಯಲ್ಲಿದ್ದ ಮೈಕೆಲ್ ಆಲ್ಡ್ರಿಚ್ ಹೆಂಡತಿ ಮತ್ತು ನಾಯಿಯೊಡನೆ ವಾಯುವಿಹಾರಕ್ಕೆ ಹೋಗಿದ್ದಾಗ, ವಾರವಾರವೂ ಸೂಪರ್‌ಮಾರ್ಕೆಟ್ಟಿಗೆ ಅಲೆಯುವ ಬೇಸರದ ಮಾತು ಬಂತಂತೆ. 1979ರಲ್ಲಿ ಅವರು ಮನೆಯ ಟಿವಿಯನ್ನು ದೂರವಾಣಿ ತಂತಿಯ ಮೂಲಕ ಅಂಗಡಿಯ ಕಂಪ್ಯೂಟರಿಗೆ ಜೋಡಿಸಿ ತೋರಿಸಿದರು. 1984ರ ಮೇ ತಿಂಗಳಲ್ಲಿ ಗೇಟ್ಸ್‌ಹೆಡ್ ಊರಿನ 72ರ ವೃದ್ಧೆ ಜೇನ್ ಸ್ನೋಬಾಲ್ ಆರಾಮಕುರ್ಚಿಯಲ್ಲಿ ಕುಳಿತು, ಟಿವಿಯ ರಿಮೋಟ್ ಒತ್ತಿ, ಟೆಸ್ಕೋ ಅಂಗಡಿಯಿಂದ ಮಾರ್ಗರೀನ್, ಕಾರ್ನ್‌ಫ್ಲೇಕ್ಸ್ ಮತ್ತು ಮೊಟ್ಟೆ ತರಿಸಿಕೊಂಡರು. ನಡೆದಾಡಲು ಕಷ್ಟಪಡುವ ಹಿರಿಯರಿಗಾಗಿ ಅಲ್ಲಿನ ನಗರಸಭೆ ಕೈಗೊಂಡ ಪ್ರಯೋಗವದು. ಲಾಭದ ಮಾತು ಆಮೇಲೆ ಬಂದದ್ದು. ಆಲ್ಡ್ರಿಚ್ 2014ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರ ಯೋಚನೆ ಲೋಕವನ್ನೆಲ್ಲ ಸುತ್ತಿ ಬಂದಿತ್ತು.

ಮೋಡೆಮ್ ಕಿರುಗುಟ್ಟುತ್ತಿದ್ದ ಕಾಲ

ಬೆಂಗಳೂರಿಗೆ ಈ ಯೋಚನೆ ಬಂದದ್ದು 1999ರಲ್ಲಿ. ಹರಿ ಮೆನನ್, ವಿ.ಎಸ್. ಸುಧಾಕರ್, ಕೆ. ವೈತೀಶ್ವರನ್, ವಿಪುಲ್ ಪಾರೇಖ್, ವಿ.ಎಸ್. ರಮೇಶ್ ಮುಂತಾದ ಗೆಳೆಯರು ಸೇರಿ ಫ್ಯಾಬ್‌ಮಾರ್ಟ್ ಎಂಬ ಅಂತರ್ಜಾಲ ಅಂಗಡಿ ತೆರೆದರು. ಮೊದಲು ಹಾಡಿನ ಕ್ಯಾಸೆಟ್, ಸಿ.ಡಿ. ಮಾರಿದರು. ಪುಸ್ತಕ ಬಂತು, ಕ್ರಮೇಣ ದಿನಸಿಯೂ ಬಂತು.

ಆಗಿನ ಪರಿಸ್ಥಿತಿ ನೆನಪಿಸಿಕೊಳ್ಳಬೇಕು. ಭಾರತದ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದೇ 1995ರ ಆಗಸ್ಟ್ 15ರಂದು. ಮನೆಯ ಫೋನಿನಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಕಂಪ್ಯೂಟರಿಗೆ ಸಂಪರ್ಕವಿಲ್ಲ. ಕ್ರೆಡಿಟ್ ಕಾರ್ಡ್ ಇದ್ದವರೇ ಕಡಿಮೆ, ಇದ್ದವರಿಗೂ ಅದರ ನಂಬರನ್ನು ಕಂಪ್ಯೂಟರಿಗೆ ಕೊಡಲು ಭಯ. ಇನ್ನು ಬೆಂಡೆಕಾಯಿಯ ತುದಿ ಮುರಿದು ನೋಡದೆ ಬುಟ್ಟಿಗೆ ಹಾಕದ ಗೃಹಿಣಿ, ಪರದೆಯ ಮೇಲಿನ ಚಿತ್ರ ನೋಡಿ ದುಡ್ಡು ಕೊಡುವುದುಂಟೇ!

ಅವರು ಹಟಕ್ಕೆ ಬೀಳಲಿಲ್ಲ. ಗಿರಾಕಿ ಪರದೆಯ ಬಳಿಗೆ ಬರದಿದ್ದರೆ ನಾವೇ ಗಿರಾಕಿಯ ಬೀದಿಗೆ ಹೋಗೋಣ ಎಂದು ಇಟ್ಟಿಗೆ ಗೋಡೆಯ ಅಂಗಡಿಗಳನ್ನೇ ತೆರೆದರು. ಕಂಪ್ಯೂಟರ್ ಬಲ್ಲವರು ಗೋಣಿಚೀಲದ ಲೆಕ್ಕ ಕಲಿತರು. ಫ್ಯಾಬ್‌ಮಾಲ್ ಹೆಸರಿನ ಈ ಮಳಿಗೆಗಳು ಹೈದರಾಬಾದಿನ ತ್ರಿನೇತ್ರ ಸೂಪರ್‌ಮಾರ್ಕೆಟ್ ಸರಣಿಯೊಂದಿಗೆ ಒಂದಾಗಿ ದಕ್ಷಿಣ ರಾಜ್ಯಗಳಲ್ಲಿ ಹರಡಿಕೊಂಡವು. ಕೇರಳಕ್ಕೂ ಬಂದವು. 1974ರಲ್ಲಿ ಹುಟ್ಟಿದ ಸಪ್ಲೈಕೋದ ಮಾವೇಲಿ ಸ್ಟೋರುಗಳು, ತಿರುವನಂತಪುರದಲ್ಲಿ ಮೊದಲಾದ ಮಾರ್ಜಿನ್ ಫ್ರೀ ಅಂಗಡಿಗಳು ಬೇರೂರಿದ್ದ ನಾಡಿನಲ್ಲಿ ಹೊರಗಿನವರು ಕಾಲೂರುವುದು ಸುಲಭದ ಮಾತಲ್ಲ. 2007ರ ಆರಂಭದಲ್ಲಿ ಆದಿತ್ಯ ಬಿರ್ಲಾ ಸಮೂಹ ಈ ಸರಣಿಯನ್ನು ಕೊಂಡಾಗ ಸುಮಾರು 170 ಮಳಿಗೆಗಳಿದ್ದವು. ಅವು ಮುಂದೆ 'ಮೋರ್' ಹೆಸರಿನಲ್ಲಿ ಸೇರಿಹೋದವು.

ಒಂದೇ ದೋಣಿ, ಎರಡು ದಡ

ಇಲ್ಲಿ ಒಂದು ಕವಲು. ಅಂಗಡಿಗಳು ಕೈಬದಲಾದರೂ ಅಂತರ್ಜಾಲದ ಭಾಗವನ್ನು ವೈತೀಶ್ವರನ್ ಬಿಡಲಿಲ್ಲ. ಇಂಡಿಯಾಪ್ಲಾಜಾ ಎಂಬ ಹೆಸರಿನಲ್ಲಿ ಅವರು ಅದನ್ನು ನಡೆಸಿಕೊಂಡು ಹೋದರು. ಹಣವುಳ್ಳ ಹೊಸ ಕಂಪೆನಿಗಳು ರಿಯಾಯಿತಿಯ ಮಳೆ ಸುರಿಸತೊಡಗಿದಾಗ ತಡೆದುಕೊಳ್ಳಲಾಗದೆ 2013ರಲ್ಲಿ ಅದು ಮುಚ್ಚಿತು. ಸಾಲಗಾರರ ಕಾಟ, ಮನೆಮಂದಿಯ ಆತಂಕ ಎಲ್ಲವನ್ನೂ ಅವರು 2017ರಲ್ಲಿ ಹೊರತಂದ 'ಫೇಲಿಂಗ್ ಟು ಸಕ್ಸೀಡ್' ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ವ್ಯಾಪಾರಕ್ಕೆ ಇಳಿಯುವ ಯುವಕರು ಗೆದ್ದವರ ಕಥೆಗಿಂತ ಮೊದಲು ಓದಬೇಕಾದ ಪುಸ್ತಕ ಅದು.

ಹರಿ ಮೆನನ್ ಅವರ ದಾರಿ ಬೇರೆಯಾಯಿತು. ಮಣಿಪಾಲದ ಶಿಕ್ಷಣ ಸಮೂಹ ಮತ್ತು ಬ್ರಿಟನ್ನಿನ ಸಿಟಿ ಆ್ಯಂಡ್ ಗಿಲ್ಡ್ಸ್ ಸಂಸ್ಥೆ ಸೇರಿ ಕಟ್ಟಿದ ಇಂಡಿಯಾಸ್ಕಿಲ್ಸ್ ಎಂಬ ತರಬೇತಿ ಸಂಸ್ಥೆಯ ಚುಕ್ಕಾಣಿಯನ್ನು ಅವರು ಹಿಡಿದಿದ್ದರು. ಅಲ್ಲಿಯೇ ಇದ್ದುಬಿಡಬಹುದಿತ್ತು. ಆದರೆ 2011ರ ಡಿಸೆಂಬರ್‌ನಲ್ಲಿ ಹಳೆಯ ಗೆಳೆಯರಾದ ಸುಧಾಕರ್, ಪಾರೇಖ್, ರಮೇಶ್ ಅವರೊಡನೆ, ಹೊಸದಾಗಿ ಜೊತೆಯಾದ ಅಭಿನಯ್ ಚೌಧರಿ ಅವರನ್ನೂ ಕೂಡಿಕೊಂಡು, ಹಿಂದೆ ಕೆಳಗಿಟ್ಟಿದ್ದ ಅದೇ ಬುಟ್ಟಿಯನ್ನು ಎತ್ತಿಕೊಂಡರು. ಬಿಗ್‌ಬಾಸ್ಕೆಟ್ ಹುಟ್ಟಿದ್ದು ಹೀಗೆ. ಐವತ್ತರ ಆಸುಪಾಸಿನಲ್ಲಿ, ಕೈಸುಟ್ಟುಕೊಂಡ ವ್ಯವಹಾರಕ್ಕೇ ಮತ್ತೆ ಕೈ ಹಾಕುವುದಕ್ಕೆ ಗುಂಡಿಗೆ ಬೇಕು.

ಈ ಬಾರಿ ಗಿರಾಕಿಯ ಕೈಯಲ್ಲಿ ಮೊಬೈಲ್ ಇತ್ತು. ಇವರ ಬಳಿ ಅಂಗಡಿ ನಡೆಸಿದ ಅನುಭವವಿತ್ತು. ಪುಸ್ತಕ ಮಾರುವವನು ಒಂದು ಪುಸ್ತಕ ಕಟ್ಟಿ ಕಳಿಸಿದರೆ ಕೆಲಸ ಮುಗಿಯಿತು. ದಿನಸಿ ಹಾಗಲ್ಲ. ಒಂದು ಮನೆಯ ಚೀಟಿಯಲ್ಲಿ ಇಪ್ಪತ್ತು ಸಾಮಾನುಗಳಿದ್ದರೆ ಹತ್ತೊಂಬತ್ತು ಬಂದು ಸಾಸಿವೆ ಬಾರದಿದ್ದರೂ ಅಡುಗೆಮನೆಯಲ್ಲಿ ಸಿಡುಕು. ಹಾಲಿಗೆ ತಂಪು ಬೇಕು, ಬಾಳೆಹಣ್ಣಿಗೆ ತಂಪು ಆಗದು, ಅಕ್ಕಿಯ ಭಾರದಡಿ ಟೊಮೇಟೊ ಜಜ್ಜಿಹೋಗಬಾರದು. ಲಾಭವೋ, ತೀರಾ ತೆಳು. ಆದ್ದರಿಂದ ಸ್ವಂತ ಉಗ್ರಾಣ, ಗಿರಾಕಿ ಆಯ್ದ ಹೊತ್ತಿಗೆ ಸರಬರಾಜು, ರೈತರಿಂದ ನೇರ ಖರೀದಿ, ಫ್ರೆಶೋ ಮತ್ತು ಬಿಬಿ ರಾಯಲ್‌ನಂಥ ಸ್ವಂತ ಹೆಸರಿನ ಸರಕು ಎಂಬ ಮಾರ್ಗ ಹಿಡಿದರು. ಮಾಲು ಹಿಡಿಸದಿದ್ದರೆ ಬಾಗಿಲಲ್ಲೇ ಪ್ರಶ್ನೆಯಿಲ್ಲದೆ ವಾಪಸು. ಬೆಂಡೆಯ ತುದಿ ಮುರಿದು ನೋಡುವ ಹಕ್ಕನ್ನು ಗೃಹಿಣಿಗೆ ಅಂಗಡಿಯ ಬದಲು ಹೊಸ್ತಿಲಲ್ಲಿ ಕೊಟ್ಟಂತಾಯಿತು.

ಬಂಡವಾಳ ಹರಿದು ಬಂತು. 2019ರಲ್ಲಿ ದಕ್ಷಿಣ ಕೊರಿಯಾದ ಮಿರೇ ಅಸೆಟ್, ಚೀನದ ಅಲಿಬಾಬಾ ಜೊತೆಗೆ ಬ್ರಿಟಿಷ್ ಸರ್ಕಾರಕ್ಕೆ ಸೇರಿದ ಸಿಡಿಸಿ ಸಮೂಹವೂ ಹಣ ಹೂಡಿತು. ಕಂಪೆನಿಯ ಬೆಲೆ 100 ಕೋಟಿ ಡಾಲರ್ ದಾಟಿತು.

ಎಲ್ಲವೂ ಹೂವಿನ ಹಾದಿಯೇನಲ್ಲ. 2020ರ ಮಾರ್ಚ್‌ನ ಲಾಕ್‌ಡೌನ್‌ನಲ್ಲಿ ಬೇಡಿಕೆ ಮುಗಿಲು ಮುಟ್ಟಿದಾಗಲೇ ಉಗ್ರಾಣಗಳಲ್ಲಿ ಕೆಲಸಗಾರರಿಲ್ಲದೆ ಸೇವೆ ತಡವರಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಸುಮಾರು 2 ಕೋಟಿ ಗ್ರಾಹಕರ ವಿವರ ಸೋರಿಹೋದ ಸುದ್ದಿ ಹೊರಬಿತ್ತು. ಮನೆಯ ವಿಳಾಸ, ಫೋನ್ ನಂಬರ್ ನಂಬಿ ಕೊಟ್ಟವರಿಗೆ ಇದು ಸಣ್ಣ ವಿಷಯವಲ್ಲ. 2021ರ ಮೇ ತಿಂಗಳಲ್ಲಿ ಟಾಟಾ ಡಿಜಿಟಲ್ ಬಹುಪಾಲು ಷೇರುಗಳನ್ನು ಕೊಂಡಿತು. ಟಾಟಾ ಬಂದ ಮೇಲೂ ಮೆನನ್ ಅವರೇ ಮುಖ್ಯ ಕಾರ್ಯನಿರ್ವಾಹಕರಾಗಿ ಮುಂದುವರಿದರು. ಹತ್ತು ನಿಮಿಷದಲ್ಲಿ ಸಾಮಾನು ತಲುಪಿಸುವ ಬ್ಲಿಂಕಿಟ್, ಜೆಪ್ಟೋಗಳು ಬಂದಾಗ, ನಾಳೆಗೆ ತಲುಪಿಸುವುದನ್ನೇ ಸಾಧನೆ ಎಂದುಕೊಂಡಿದ್ದ ಇವರೂ ಬೀದಿಬೀದಿಗೆ ಸಣ್ಣ ಉಗ್ರಾಣ ತೆರೆದು ಓಡಬೇಕಾಯಿತು.

ಗಲ್ಲಾಪೆಟ್ಟಿಗೆಯ ಹಿಂದೆ ಜೀವನ ಸವೆಸಿದ ನಮ್ಮ ಹಿರಿಯ ವರ್ತಕರಿಗೆ ಈ ಓಟ ಒಂದಿಷ್ಟು ಕಳವಳ ತರುವುದು ಸಹಜ. ಉದ್ರಿ ಪುಸ್ತಕ ಬರೆದಿಟ್ಟು ತಿಂಗಳ ಕೊನೆಗೆ ವಸೂಲು ಮಾಡುವ, ಮಗಳ ಮದುವೆಗೆ ಸಾಮಾನು ಕಳಿಸಿ ಊಟಕ್ಕೂ ಬರುವ ಅಂಗಡಿಯ ನಂಟನ್ನು ಮೊಬೈಲ್ ಕೊಡಲಾರದು. ಆದರೆ ಆ ಅಂಗಡಿಯವರ ಮಕ್ಕಳೇ ಫ್ಲ್ಯಾಟಿನಲ್ಲಿ ಕುಳಿತು ಮೊಬೈಲ್ ಒತ್ತುತ್ತಿದ್ದಾರೆ ಎಂಬುದೂ ನಿಜವೇ.

ಹರಿ ಮೆನನ್ ಮತ್ತು ಗೆಳೆಯರು ಕಟ್ಟಿ ಮಾರಿದ ಆ ಹಳೆಯ ಮಳಿಗೆಗಳ ಕಥೆ ಇನ್ನೂ ಸ್ವಾರಸ್ಯಕರ. ಮೋರ್ ಸರಣಿಯನ್ನು ಬಿರ್ಲಾ ಸಮೂಹ 2018-19ರಲ್ಲಿ ಸಮಾರಾ ಎಂಬ ಹೂಡಿಕೆ ಸಂಸ್ಥೆ ಮತ್ತು ಅಮೆಜಾನ್ ಕೈಗೆ ಒಪ್ಪಿಸಿತು. ಬಿಗ್‌ಬಾಸ್ಕೆಟ್ಟಿನ ವಾಹನದ ಎದುರಿಗೆ ಅದೇ ಗಿರಾಕಿಗಾಗಿ ಪೈಪೋಟಿಗೆ ನಿಂತವರಲ್ಲಿ ಈಗ ಆ ಮೋರ್ ಕೂಡ ಒಂದು.