ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ?

2001ರಲ್ಲಿ ರೇವಾ ಬೆಂಗಳೂರಿನ ರಸ್ತೆಗೆ ಇಳಿದಾಗ ಅದನ್ನು ಕಾರೆಂದು ಒಪ್ಪಿಕೊಳ್ಳಲು ಬಹಳ ಜನ ಹಿಂದೆಮುಂದೆ ನೋಡಿದರು. ಎರಡೇ ಬಾಗಿಲು, ಹಿಂದೆ ಮಕ್ಕಳಿಗಷ್ಟೇ ಸಾಲುವ ಸೀಟು, ಮುಂದಿನ ಸೀಟಿನಡಿ ಸೀಸ–ಆಮ್ಲದ ಬ್ಯಾಟರಿಗಳ ಸಾಲು. ಚೇತನ್ ಮೈನಿ ಅವರ ಕಂಪನಿ ತಯಾರಿಸಿದ ಈ ಪುಟ್ಟ ಗಾಡಿ ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಓಡಾಡಿತು, ಸಾಕಷ್ಟು ಗೇಲಿಗೂ ಗುರಿಯಾಯಿತು. 2010ರಲ್ಲಿ ಕಂಪನಿ ಮಹೀಂದ್ರ ಕೈಗೆ ಹೋಯಿತು. ಒಮ್ಮೆ ಚಾರ್ಜ್ ಮಾಡಿದರೆ ರೇವಾ ಓಡುತ್ತಿದ್ದುದು ಸುಮಾರು 80 ಕಿಲೋಮೀಟರ್. ಕೇಳಲು ಕಡಿಮೆಯೇ. ಆದರೆ ಯಲಹಂಕದಲ್ಲಿ ಮನೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಇರುವವರನ್ನು ಬಿಟ್ಟರೆ ಬೆಂಗಳೂರಿನಲ್ಲಿ ದಿನಕ್ಕೆ ಅಷ್ಟು ದೂರ ಕಾರು ಓಡಿಸುವವರು ಎಷ್ಟು ಮಂದಿ?

ಈಗಿನ ಬ್ಯಾಟರಿ ಕಾರುಗಳ ಜಾಹೀರಾತಿನಲ್ಲಿ 300, 400, 500 ಕಿಮೀ ಎಂಬ ಅಂಕಿಗಳು ರಾರಾಜಿಸುತ್ತವೆ. ಶೋರೂಮಿಗೆ ಹೋದವರು ಮೊದಲು ಕೇಳುವುದೂ ಅದನ್ನೇ, ‘ಒಂದು ಚಾರ್ಜಿಗೆ ಎಷ್ಟು ಕೊಡುತ್ತೆ?’ ಪೆಟ್ರೋಲ್ ಕಾರಿನ ಕಾಲದಿಂದ ಬಂದ ಅಭ್ಯಾಸ ಇದು. ಅದಕ್ಕಿಂತ ಮೊದಲು ಉತ್ತರ ಸಿಗಬೇಕಾದ ಪ್ರಶ್ನೆ ಬೇರೆಯೇ ಇದೆ: ಈ ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ, ಅಲ್ಲಿಗೆ ಕರೆಂಟು ಬರುತ್ತದೆಯೇ?

ಬ್ಯಾಟರಿಯ ಸಾಮರ್ಥ್ಯವನ್ನು ಕಿಲೋವ್ಯಾಟ್-ಅವರ್‌ನಲ್ಲಿ ಹೇಳುತ್ತಾರೆ. ವಿದ್ಯುತ್ ಬಿಲ್ಲಿನಲ್ಲಿ ನಾವು ಯೂನಿಟ್ ಎನ್ನುವುದು ಇದನ್ನೇ. 2020ರಲ್ಲಿ ಬಂದ ಟಾಟಾ ನೆಕ್ಸಾನ್ ಇವಿಯಲ್ಲಿ 30.2 ಯೂನಿಟ್ ಹಿಡಿಯುವ ಬ್ಯಾಟರಿ ಇತ್ತು. ಟಿಯಾಗೊ ಇವಿಯಲ್ಲಿ 19.2 ಅಥವಾ 24 ಯೂನಿಟ್, ಎಂಜಿ ಕಾಮೆಟ್‌ನಲ್ಲಿ 17.3. ಒಂದು ಲೀಟರ್ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಸುಮಾರು 9 ಯೂನಿಟ್. ಅಂದರೆ 30 ಯೂನಿಟ್ಟಿನ ಆ ದೊಡ್ಡ ಬ್ಯಾಟರಿಯಲ್ಲಿ ಇರುವುದು ಮೂರೂವರೆ ಲೀಟರ್ ಪೆಟ್ರೋಲಿಗೂ ಸಾಲದಷ್ಟು ಶಕ್ತಿ! ಅಷ್ಟನ್ನೇ ಇಟ್ಟುಕೊಂಡು ಕಾರು 200 ಕಿಮೀ ಹೋಗುವುದು ಹೇಗೆಂದರೆ, ಪೆಟ್ರೋಲ್ ಎಂಜಿನ್ ತನಗೆ ಸಿಕ್ಕ ಶಕ್ತಿಯ ಮುಕ್ಕಾಲು ಭಾಗವನ್ನು ಬಿಸಿಯಾಗಿ ಗಾಳಿಗೆ ಬಿಡುತ್ತದೆ. ವಿದ್ಯುತ್ ಮೋಟಾರು ಹೆಚ್ಚಿನ ಪಾಲನ್ನು ಚಕ್ರಕ್ಕೇ ಮುಟ್ಟಿಸುತ್ತದೆ. ಸಣ್ಣ ಮತ್ತು ಮಧ್ಯಮ ಕಾರುಗಳು ಪ್ರತಿ ಕಿಮೀಗೆ 110ರಿಂದ 150 ವ್ಯಾಟ್-ಅವರ್ ಬಳಸುತ್ತವೆ. ಒಂದು ಯೂನಿಟ್ಟಿಗೆ ಏಳೆಂಟು ಕಿಮೀ ಎಂದು ನೆನಪಿಟ್ಟುಕೊಂಡರೆ ಸಾಕು.

ಇನ್ನು ಜಾಹೀರಾತಿನ ಅಂಕಿ. ಅದು ಸುಳ್ಳಲ್ಲ, ರಸ್ತೆಯದೂ ಅಲ್ಲ. ಪ್ರಯೋಗಾಲಯದಲ್ಲಿ ಕಾರಿನ ಚಕ್ರಗಳನ್ನು ರೋಲರ್ ಮೇಲಿಟ್ಟು, ಗೊತ್ತುಪಡಿಸಿದ ವೇಗಗಳಲ್ಲಿ ತಿರುಗಿಸಿ ಅಳೆದದ್ದು. ಭಾರತದ ಈ ಪರೀಕ್ಷಾ ಕ್ರಮದಲ್ಲಿ ನಗರದ ನಿಧಾನ ಓಟವೇ ಹೆಚ್ಚು, ಗರಿಷ್ಠ ವೇಗ ಗಂಟೆಗೆ 90 ಕಿಮೀ. ಮೊದಲ ನೆಕ್ಸಾನ್ ಇವಿಗೆ ಹೀಗೆ ಸಿಕ್ಕ ಅಂಕಿ 312. ಓಡಿಸಿದವರಿಗೆ ಸಿಕ್ಕಿದ್ದು 200ರ ಆಸುಪಾಸು. ಪುಣ್ಯಕ್ಕೆ ಕಂಪನಿಗಳೇ ಈಗ ತುಸು ಪ್ರಾಮಾಣಿಕವಾಗಿವೆ. ಟಾಟಾ 2024ರಲ್ಲಿ ನೆಕ್ಸಾನಿನ 45 ಯೂನಿಟ್ ಮಾದರಿಗೆ 489 ಕಿಮೀ ಎಂಬ ಪರೀಕ್ಷಾ ಅಂಕಿಯ ಜತೆಗೆ, ಗ್ರಾಹಕರ ನಿತ್ಯದ ಬಳಕೆಯಲ್ಲಿ 350 ಕಿಮೀ ಚಿಲ್ಲರೆ ಎಂದೂ ಹೇಳಿತು. ಬೇರೆ ಕಾರುಗಳಿಗೂ ಜಾಹೀರಾತಿನ ಅಂಕಿಯಲ್ಲಿ ಮೂರನೇ ಒಂದು ಭಾಗ ಕಳೆದು ಲೆಕ್ಕ ಶುರುಮಾಡುವುದು ಕ್ಷೇಮ.

ಆ ಮೂರನೇ ಒಂದು ಭಾಗ ಹೋಗುವುದೆಲ್ಲಿಗೆ? ಉತ್ತರ ಊರಿನಿಂದ ಊರಿಗೆ ಬದಲಾಗುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಕಾರಿನ ಮೋಟಾರು ಏನನ್ನೂ ತಿನ್ನುವುದಿಲ್ಲ, ಆದರೆ ಎಸಿ ತಿನ್ನುತ್ತಲೇ ಇರುತ್ತದೆ. ಎಸಿಯ ಖರ್ಚು ಗಂಟೆಯ ಲೆಕ್ಕದ್ದು, ಕಿಲೋಮೀಟರಿನದಲ್ಲ. ಬಿಸಿಲಿನಲ್ಲಿ ಅದು ಒಂದು ಕಿಲೋವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳೋಣ. ಗಂಟೆಗೆ 80 ಕಿಮೀ ವೇಗದ ಹೆದ್ದಾರಿಯಲ್ಲಿ ಕಿಮೀಗೆ 12 ವ್ಯಾಟ್-ಅವರ್ ಬಂತು, ಲೆಕ್ಕಕ್ಕೇ ಇಲ್ಲ. ಹತ್ತು ಕಿಮೀಗೆ ಅರ್ಧ ಗಂಟೆ ಹಿಡಿಯುವ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಅದೇ ಎಸಿ ಕಿಮೀಗೆ 50 ವ್ಯಾಟ್-ಅವರ್ ನುಂಗುತ್ತದೆ, ಕಾರು ಓಡಲು ಬೇಕಾದುದರ ಹೆಚ್ಚುಕಡಿಮೆ ಅರ್ಧದಷ್ಟು. ಅಷ್ಟಾದರೂ ಬ್ಯಾಟರಿ ಕಾರಿಗೆ ನಗರವೇ ತವರು. ಕಾಲು ತೆಗೆದ ಕೂಡಲೇ ಮೋಟಾರು ಜನರೇಟರಿನಂತೆ ಕೆಲಸ ಮಾಡಿ, ಬ್ರೇಕಿನಲ್ಲಿ ಬಿಸಿಯಾಗಿ ಹೋಗಬೇಕಿದ್ದ ಶಕ್ತಿಯಲ್ಲಿ ಒಂದಷ್ಟನ್ನು ಬ್ಯಾಟರಿಗೆ ವಾಪಸು ತುಂಬುತ್ತದೆ. ಪೆಟ್ರೋಲ್ ಕಾರಿನ ಮೈಲೇಜ್ ಹೆದ್ದಾರಿಯಲ್ಲಿ ಏರಿದರೆ ಇದರದು ಇಳಿಯುತ್ತದೆ.

ಮೈಸೂರಿನ ಉದಾಹರಣೆಯನ್ನೇ ನೋಡಬಹುದು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿಯಲ್ಲಿ ಕಾರುಗಳ ವೇಗಮಿತಿ 100. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 80ರಲ್ಲಿ ಹೋಗುವುದಕ್ಕೂ 100ರಲ್ಲಿ ಹೋಗುವುದಕ್ಕೂ ಗಾಳಿಯ ಮಟ್ಟಿಗೆ ಒಂದೂವರೆ ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. 30 ಯೂನಿಟ್ಟಿನ ಕಾರು 80ರಲ್ಲಿ 200 ಕಿಮೀ ದಾಟಿದರೆ 100ರಲ್ಲಿ 170ರ ಹತ್ತಿರ ಸುಸ್ತಾಗುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಸುಮಾರು 145 ಕಿಮೀ. ಹೋಗುವುದು ಸಲೀಸು. ಅದೇ ದಿನ ವಾಪಸಾಗಬೇಕೆಂದರೆ ಮೈಸೂರಿನಲ್ಲಿ ಊಟದ ಹೊತ್ತಿಗೆ ಕಾರಿಗೂ ಊಟ ಹಾಕಿಸಲೇಬೇಕು. ಹೊಸ ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನೆಲ್ಲ ಬದಿಗೆ ಬಿಟ್ಟು ಹೋಗುವುದರಿಂದ, ನಡುವೆ ಚಾರ್ಜ್ ಮಾಡುವವರು ಎಲ್ಲಿ ಇಳಿಯಬೇಕೆಂದು ಮೊದಲೇ ನೋಡಿಟ್ಟುಕೊಂಡಿರಬೇಕು.

ಘಾಟಿಯ ಕಥೆ ಇನ್ನೂ ಸ್ವಾರಸ್ಯಕರ. ಮಂಗಳೂರಿನಿಂದ ಬರುವ ಕಾರು ಗುಂಡ್ಯ ದಾಟಿ ಶಿರಾಡಿ ಹತ್ತಿ ಸಕಲೇಶಪುರ ಮುಟ್ಟುವಾಗ ಏಳುನೂರು ಮೀಟರಿಗೂ ಹೆಚ್ಚು ಮೇಲೇರಿರುತ್ತದೆ. ಜನರೂ ಸೇರಿ 1,600 ಕಿಲೋ ತೂಗುವ ಗಾಡಿಯನ್ನು ಅಷ್ಟೆತ್ತರಕ್ಕೆ ಎತ್ತುವುದಕ್ಕೇ ಮೂರು ಯೂನಿಟ್ಟಿಗಿಂತ ಹೆಚ್ಚು ಬೇಕು. ಮುಂದಕ್ಕೆ ಓಡುವ ಖರ್ಚು ಅದರ ಮೇಲೆ. ಪರದೆಯ ಮೇಲಿನ ರೇಂಜ್ ಸರಸರನೆ ಇಳಿಯುವುದನ್ನು ಕಂಡು ಹೊಸಬರ ಎದೆ ಢವಢವ ಎನ್ನುತ್ತದೆ. ಘಟ್ಟದ ಮೇಲೆ ಬಂದು ಬಯಲುಸೀಮೆಗೆ ಇಳಿದಂತೆ ಅದು ತಾನಾಗಿ ಸುಧಾರಿಸಿಕೊಳ್ಳುತ್ತದೆ. ಇಳಿಯುವಾಗ ಅರ್ಧಕ್ಕಿಂತ ಹೆಚ್ಚು ಶಕ್ತಿ ಹಿಂದೆ ಬರುತ್ತದೆ, ಆದರೆ ಅದಕ್ಕೆ ಬ್ಯಾಟರಿಯಲ್ಲಿ ಜಾಗವಿರಬೇಕಲ್ಲ! ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದ ಮಡಿಕೇರಿಯಲ್ಲಿ ರಾತ್ರಿಯಿಡೀ ಭರ್ತಿ ಚಾರ್ಜ್ ಮಾಡಿ ಬೆಳಿಗ್ಗೆ ಸಂಪಾಜೆಗೆ ಇಳಿಯುವವರಿಗೆ ಆ ಪುಕ್ಕಟೆ ಶಕ್ತಿ ದಕ್ಕುವುದಿಲ್ಲ, ಬ್ರೇಕ್ ಪ್ಯಾಡೇ ಸವೆಯಬೇಕು. ಅಂಥವರು ಚಾರ್ಜನ್ನು ಶೇ 85–90ಕ್ಕೆ ನಿಲ್ಲಿಸುವುದು ಜಾಣತನ.

ಈಗ ಗೋಡೆಯ ಪ್ಲಗ್ಗಿಗೆ ಬರೋಣ, ನಿಜವಾದ ತೀರ್ಮಾನ ಆಗುವುದು ಅಲ್ಲಿ. ಗೀಸರಿಗೆ ಬಳಸುವಂಥ 15 ಆಂಪಿಯರ್ ಸಾಕೆಟ್ ಸುಮಾರು ಮೂರು ಕಿಲೋವ್ಯಾಟ್ ಕೊಡುತ್ತದೆ. ರಾತ್ರಿ ಹತ್ತಕ್ಕೆ ಚುಚ್ಚಿ ಬೆಳಿಗ್ಗೆ ಆರಕ್ಕೆ ತೆಗೆದರೆ ಎಂಟು ಗಂಟೆಯಲ್ಲಿ 20 ಯೂನಿಟ್ಟಿಗಿಂತ ಹೆಚ್ಚು ತುಂಬಿರುತ್ತದೆ, 150 ಕಿಮೀಗೆ ಸಾಕಾಗುವಷ್ಟು. ದಿನಕ್ಕೆ 40 ಕಿಮೀ ಓಡಿಸುವವರಿಗೆ ಎರಡೂವರೆ ಗಂಟೆಯ ಚಾರ್ಜ್ ಸಾಕು. ಗೋಡೆಗೆ ದೊಡ್ಡ ಚಾರ್ಜರ್ ಹಾಕಿಸದಿದ್ದರೂ ಬಹಳ ಮನೆಗಳಲ್ಲಿ ಕೆಲಸ ನಡೆಯುತ್ತದೆ. ತೊಡಕು ಬರುವುದು ಬೇರೆ ಕಡೆ. ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿಯಿರುವುದಿಲ್ಲ. ಮಿಕ್ಸಿ, ಫ್ರಿಜ್ಜು ಅದನ್ನು ಸಹಿಸಿಕೊಂಡು ಹೋಗುತ್ತವೆ. ಕಾರಿನ ಚಾರ್ಜರ್ ಮಾತ್ರ ಅರ್ಥಿಂಗ್ ಪರೀಕ್ಷಿಸಿ, ಸರಿಯಿಲ್ಲದಿದ್ದರೆ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಉಪ್ಪು, ಇದ್ದಿಲು ಹಾಕಿ ಹೊಸ ಅರ್ಥ್ ಪಿಟ್ ತೋಡಿಸಿದ ಮೇಲೇ ಎಷ್ಟೋ ಮನೆಗಳಲ್ಲಿ ಹೊಸ ಕಾರಿಗೆ ಮೊದಲ ಚಾರ್ಜ್ ಆಗಿದ್ದುಂಟು. ಮನೆಗೆ ಮಂಜೂರಾದ ಲೋಡ್ ಎರಡೋ ಮೂರೋ ಕಿಲೋವ್ಯಾಟ್ ಇದ್ದರೆ ಅದನ್ನೂ ಏರಿಸಬೇಕು. ಎಕ್ಸ್‌ಟೆನ್ಷನ್ ಬೋರ್ಡಿನ ವಿಷಯ ಎತ್ತುವುದೇ ಬೇಡ: ಗಂಟೆಗಟ್ಟಲೆ ಅಷ್ಟು ಕರೆಂಟು ಹರಿದರೆ ಅಗ್ಗದ ವೈರು ಕರಗುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಎಲೆಕ್ಟ್ರಿಷಿಯನ್ನಿಗಿಂತ ಅಸೋಸಿಯೇಷನ್ನಿನ ಒಪ್ಪಿಗೆ ದೊಡ್ಡದು. ಬೇಸ್‌ಮೆಂಟಿನಲ್ಲಿ ಬೆಂಕಿ ಬಿದ್ದರೆ ಯಾರು ಹೊಣೆ, ಕಾಮನ್ ಮೀಟರಿನ ಬಿಲ್ ಯಾರು ಕಟ್ಟಬೇಕು ಎಂದು ಸಭೆ ಮೇಲೆ ಸಭೆ ನಡೆಯುತ್ತವೆ. ಕೇಂದ್ರ ಸರ್ಕಾರ 2024ರಲ್ಲಿ ತಿದ್ದಿದ ವಿದ್ಯುತ್ ಗ್ರಾಹಕರ ಹಕ್ಕಿನ ನಿಯಮಗಳ ಪ್ರಕಾರ ವಾಹನ ಚಾರ್ಜಿಂಗಿಗೆಂದೇ ಪ್ರತ್ಯೇಕ ಸಂಪರ್ಕ ಕೇಳಿ ಪಡೆಯಲು ಅವಕಾಶವಿದೆ. ಕಾರು ಬುಕ್ ಮಾಡುವ ಮೊದಲೇ ಈ ಅರ್ಜಿ ಹಾಕುವುದು ಮೇಲು. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸುವವರ ಪಾಡು ಇನ್ನೊಂದು. ಅವರಿಗೆ ಪೂರ್ತಿ ಸಾರ್ವಜನಿಕ ಚಾರ್ಜರೇ ಗತಿ. ವಾರಕ್ಕೊಮ್ಮೆ ಒಂದು ಗಂಟೆ ಅಲ್ಲಿ ಕೂರಲು ಸಮಯವಿದ್ದರೆ ಆಗಬಹುದು, ಆದರೆ ಈ ಗಾಡಿಯ ಅರ್ಧ ಸುಖ ಮತ್ತು ಬಹುಪಾಲು ಉಳಿತಾಯ ಅಲ್ಲಿಗೇ ಮುಗಿಯುತ್ತದೆ.

ಉಳಿತಾಯದ ಲೆಕ್ಕ ಹೀಗೆ. ಲೀಟರಿಗೆ 100 ರೂಪಾಯಿ, 15 ಕಿಮೀ ಮೈಲೇಜ್ ಎಂದರೆ ಪೆಟ್ರೋಲ್ ಕಾರಿಗೆ ಕಿಮೀಗೆ ಆರೂಮುಕ್ಕಾಲು ರೂಪಾಯಿ. ಮನೆಯಲ್ಲಿ ಯೂನಿಟ್ಟಿಗೆ ತೆರಿಗೆ ಸೇರಿ 7 ರೂಪಾಯಿ ಹಿಡಿದರೆ ಬ್ಯಾಟರಿ ಕಾರಿಗೆ ಒಂದು ರೂಪಾಯಿ. ಯೂನಿಟ್ಟಿಗೆ 20 ರೂಪಾಯಿ ಕೇಳುವ ಫಾಸ್ಟ್ ಚಾರ್ಜರಿನಲ್ಲಿ ಇದೇ ಮೂರರ ಹತ್ತಿರ ಹೋಗುತ್ತದೆ. ತಿಂಗಳಿಗೆ 1,000 ಕಿಮೀ ಓಡಿಸಿ ಮನೆಯಲ್ಲೇ ಚಾರ್ಜ್ ಮಾಡುವವರಿಗೆ ವರ್ಷಕ್ಕೆ ಸುಮಾರು 70 ಸಾವಿರ ಉಳಿಯಿತು. ಕಾರಿಗೆ ಮೂರು ಲಕ್ಷ ಹೆಚ್ಚು ಕೊಟ್ಟಿದ್ದರೂ ನಾಲ್ಕೈದು ವರ್ಷಕ್ಕೆ ಅಸಲು ಬಂತು. ತಿಂಗಳಿಗೆ 250 ಕಿಮೀ ಮಾತ್ರ, ಅಂದರೆ ಮಾರುಕಟ್ಟೆಗೆ, ದೇವಸ್ಥಾನಕ್ಕೆ, ಆಗೊಮ್ಮೆ ನೆಂಟರ ಮನೆಗೆ ಓಡಿಸುವವರಿಗೆ ಅಸಲು ಬರಲು ಹದಿನೇಳು ವರ್ಷ ಬೇಕು. ನಿವೃತ್ತ ದಂಪತಿಗೆ ‘ನಿಮಗಿದು ಹೇಳಿ ಮಾಡಿಸಿದ್ದು’ ಎಂದು ಮಾರುವವರು ಈ ಎರಡನೇ ಲೆಕ್ಕವನ್ನು ಹೇಳುವುದಿಲ್ಲ. ಹಣದ ಮಟ್ಟಿಗೆ ಬ್ಯಾಟರಿ ಕಾರು ಕೈಹಿಡಿಯುವುದು ದಿನವೂ ಸಾಕಷ್ಟು ಓಡಿಸಿ, ರಾತ್ರಿ ಒಂದೇ ಜಾಗದಲ್ಲಿ ನಿಲ್ಲಿಸುವವರನ್ನು.

ಕರ್ನಾಟಕದವರಿಗೆ ಇನ್ನೊಂದು ಸೂಕ್ಷ್ಮವಿದೆ. ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲನ್ನು ಗ್ರಾಹಕರೇ ಕಟ್ಟಬೇಕು. ಮನೆಗೆ 120 ಯೂನಿಟ್ ಸಾಕಾಗುತ್ತಿದ್ದ ಕಡೆ ಕಾರಿಗೆ 140 ಸೇರಿತೆಂದರೆ, ಅದುವರೆಗೆ ಶೂನ್ಯ ಬರುತ್ತಿದ್ದ ಬಿಲ್ಲು 260 ಯೂನಿಟ್ಟಿಗೆ ಬರುತ್ತದೆ. ಕಿಮೀಗೆ ಒಂದು ರೂಪಾಯಿ ಎಂದಿದ್ದದ್ದು ಎರಡರ ಹತ್ತಿರ ಆಗುತ್ತದೆ. ಆಗಲೂ ಪೆಟ್ರೋಲಿಗಿಂತ ಎಷ್ಟೋ ಕಡಿಮೆ, ನಿಜ. ಕಾರಿಗೆ ಬೇರೆ ಮೀಟರ್ ಹಾಕಿಸಿದರೆ ಈ ತಾಪತ್ರಯವಿಲ್ಲ.

ಪರಿಸರದ ವಾದವನ್ನು ಇಲ್ಲಿ ಚುಟುಕಾಗಿ ಮುಗಿಸಬಹುದು. ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿಗೆ ಸರಾಸರಿ 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ, ಏಕೆಂದರೆ ಕಲ್ಲಿದ್ದಲಿನ ಪಾಲೇ ದೊಡ್ಡದು. ಹಾಗಾಗಿ ಬ್ಯಾಟರಿ ಕಾರಿನ ಹೊಗೆ ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಚಿಮಣಿಯಲ್ಲಿ ಹೋಗುತ್ತದೆ ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೂ ಕಿಮೀ ಲೆಕ್ಕದಲ್ಲಿ ಅದು ಪೆಟ್ರೋಲಿಗಿಂತ ಕಡಿಮೆಯೇ. ಪಾವಗಡದ ಸೌರ ಪಾರ್ಕು ಹಗಲಿಡೀ ಕರೆಂಟು ಕೊಡುವ ರಾಜ್ಯದಲ್ಲಿ ಆಫೀಸಿನ ಪಾರ್ಕಿಂಗಿನಲ್ಲಿ ಮಧ್ಯಾಹ್ನ ಚಾರ್ಜ್ ಮಾಡುವ ಸೌಲಭ್ಯ ಸಿಕ್ಕರೆ ಇನ್ನೂ ಒಳ್ಳೆಯದು.

ಉಳಿದದ್ದು ಬ್ಯಾಟರಿಯ ಆಯುಸ್ಸಿನ ಭಯ. ಕಂಪನಿಗಳು ಸಾಮಾನ್ಯವಾಗಿ ಎಂಟು ವರ್ಷ ಅಥವಾ 1.6 ಲಕ್ಷ ಕಿಮೀ ವಾರಂಟಿ ಕೊಡುತ್ತವೆ. ಬ್ಯಾಟರಿಗೆ ದೊಡ್ಡ ಶತ್ರು ಬಿಸಿ. ಕಲಬುರಗಿಯ ಬೇಸಿಗೆಯಲ್ಲಿ ಬಯಲಿನಲ್ಲಿ ನಿಲ್ಲುವ ಕಾರು ಶಿವಮೊಗ್ಗದ ನೆರಳಿನ ಕಾರಿಗಿಂತ ಬೇಗ ಸೊರಗುತ್ತದೆ. ಟಾಟಾ ಕಾರುಗಳಲ್ಲಿ ಕಾಣುವ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿ ಬಿಸಿಯನ್ನು ಚೆನ್ನಾಗಿಯೇ ತಾಳಿಕೊಳ್ಳುತ್ತದೆ. ಅದರಲ್ಲಿ ಎಷ್ಟು ಚಾರ್ಜ್ ಉಳಿದಿದೆ ಎಂದು ವೋಲ್ಟೇಜಿನಿಂದ ಹೇಳುವುದು ಕಷ್ಟವಾದ್ದರಿಂದ ಆಗಾಗ ನೂರಕ್ಕೆ ತುಂಬಿಸಿ ಕಾರಿಗೆ ಲೆಕ್ಕ ನೆನಪಿಸಬೇಕು. ನಿಕ್ಕಲ್ ಇರುವ ಬ್ಯಾಟರಿಯನ್ನು ದಿನಾ 80ಕ್ಕೆ ನಿಲ್ಲಿಸುವುದು ಲೇಸು. ಹೀಗೆ ನೋಡಿಕೊಂಡರೂ ಕೆಲವು ವರ್ಷಗಳಲ್ಲಿ ಒಂದಷ್ಟು ಸಾಮರ್ಥ್ಯ ಕುಸಿಯುವುದು ಖಚಿತ, ಸೆಕೆಂಡ್ ಹ್ಯಾಂಡ್ ಬೆಲೆ ಬೀಳುವುದೂ ಅದಕ್ಕೇ. ಮೊದಲು ಕೊಂಡವರಿಗೆ ಇದು ನಷ್ಟ. ಆದರೆ ಹೊಸದರಲ್ಲಿ 200 ಕಿಮೀ ಓಡುತ್ತಿದ್ದು ಈಗ 160ಕ್ಕೆ ಇಳಿದ ಕಾರು, ಮನೆಯಲ್ಲಿ ಪ್ಲಗ್ ಇಟ್ಟುಕೊಂಡು ದಿನಕ್ಕೆ 40 ಕಿಮೀ ಓಡಿಸುವವರಿಗೆ ಯಾವ ಕೊರತೆಯನ್ನೂ ಮಾಡುವುದಿಲ್ಲ. ಅಂಥವರು ಹಳೆಯ ಗಾಡಿ ನೋಡಲು ಹೋದಾಗ ಓಡಿದ ಕಿಲೋಮೀಟರುಗಳ ಜತೆಗೆ ಸರ್ವಿಸ್ ಸೆಂಟರಿನಿಂದ ಬ್ಯಾಟರಿಯ ಆರೋಗ್ಯದ ವರದಿಯನ್ನೂ ಕೇಳಬೇಕು, ವಾರಂಟಿ ಎರಡನೇ ಮಾಲೀಕರಿಗೂ ಪೂರ್ತಿ ಸಲ್ಲುತ್ತದೆಯೇ ಎಂದು ಕಾಗದದಲ್ಲಿ ಓದಿ ನೋಡಬೇಕು.