ಕೊರಿಯರ್‌ನಲ್ಲಿ ಅಲ್ಲಾಡಿ ಬಂದ ಮೊಟ್ಟೆಯಿಂದ ಮರಿ ಮಾಡಿಸೋದು ಹೇಗೆ?

ಪಾರ್ಸೆಲ್ ಬಿಚ್ಚಿದಾಗ ಒಂದು ಮೊಟ್ಟೆಯೂ ಒಡೆದಿಲ್ಲ ಅಂತ ಖುಷಿಪಡೋರೇ ಹೆಚ್ಚು. ಆದರೆ ಗೆಳೆಯರೇ, ದೂರದಿಂದ ಬಂದ ಮೊಟ್ಟೆಗೆ ಏಟು ಬೀಳೋದು ಒಳಗೆ. ಕಡಕ್‌ನಾಥ್ ತಳಿಯ ತವರು ಮಧ್ಯಪ್ರದೇಶದ ಝಾಬುವಾ. ಅಲ್ಲಿಂದ ಬೆಂಗಳೂರಿಗೆ ಸಾವಿರ ಕಿಲೋಮೀಟರ್‌ಗೂ ಜಾಸ್ತಿ ದಾರಿ. ಅಷ್ಟು ದೂರ ಲಾರಿ, ಬಸ್ಸಿನಲ್ಲಿ ಕುಲುಕಿದ ಮೊಟ್ಟೆಯನ್ನು ನಮ್ಮ ಕೋಳಿ ಬೆಳಿಗ್ಗೆ ಇಟ್ಟ ಮೊಟ್ಟೆಯ ಹಾಗೆ ನೇರವಾಗಿ ಇನ್‌ಕ್ಯುಬೇಟರ್‌ಗೆ ಹಾಕಿದರೆ ದುಡ್ಡು ನೀರಲ್ಲಿ ಹೋಮ. ಹಾಗಂತ ಅಲ್ಲಾಡಿದ ಮೊಟ್ಟೆ ಎಲ್ಲಾ ಸತ್ತಿದೆ ಅಂತಲೂ ಅಲ್ಲ. ಕಾವು ಕೊಡೋ ಕ್ರಮವನ್ನು ಸ್ವಲ್ಪ ಬದಲಾಯಿಸಿದರೆ ಅದರಲ್ಲಿ ಒಂದಷ್ಟನ್ನು ಉಳಿಸಿಕೊಳ್ಳಬಹುದು.

ಕೆಡೋದು ಏನು ಅಂತ ಮೊದಲು ತಿಳ್ಕೊಳ್ಳಿ. ಮೊಟ್ಟೆಯ ದಪ್ಪ ತುದಿಯಲ್ಲಿ, ಚಿಪ್ಪಿನ ಒಳಗಿನ ಎರಡು ಪೊರೆಗಳ ನಡುವೆ ಸ್ವಲ್ಪ ಗಾಳಿ ಇರುತ್ತದೆ. ಏರ್ ಸೆಲ್ ಅಂತಾರಲ್ಲ, ಅದೇ ಈ ಗಾಳಿಕೋಶ. 19-20ನೇ ದಿನ ಮರಿ ತನ್ನ ಕೊಕ್ಕನ್ನು ಮೊದಲು ಚುಚ್ಚೋದು ಚಿಪ್ಪಿಗಲ್ಲ, ಈ ಗಾಳಿಕೋಶಕ್ಕೆ. ಅದರ ಮೊದಲ ಉಸಿರು ಅಲ್ಲೇ. ಮೊಟ್ಟೆ ಜೋರಾಗಿ ಕುಲುಕಿದಾಗ ಪೊರೆ ಬಿಟ್ಟುಕೊಂಡು ಈ ಗಾಳಿ ಜಾಗ ಬದಲಿಸುತ್ತದೆ. ಉಸಿರಾಡೋಕೆ ಗಾಳಿ ಎಲ್ಲಿರಬೇಕೋ ಅಲ್ಲಿ ಸಿಗದಿದ್ದರೆ, ಪೂರ್ತಿ ಬೆಳೆದ ಮರಿಯೂ ಚಿಪ್ಪಿನೊಳಗೇ ಸಾಯುತ್ತದೆ.

ಪರೀಕ್ಷೆಗೆ ನಿಮ್ಮ ಮೊಬೈಲ್ ಟಾರ್ಚ್ ಸಾಕು. ರಟ್ಟಿನಲ್ಲಿ ಎರಡು ರೂಪಾಯಿ ನಾಣ್ಯದಷ್ಟು ತೂತು ಮಾಡಿ ಟಾರ್ಚ್ ಮೇಲಿಡಿ, ಕತ್ತಲೆ ಕೋಣೆಯಲ್ಲಿ ಮೊಟ್ಟೆಯ ದಪ್ಪ ತುದಿಯನ್ನು ಆ ತೂತಿಗೆ ಹಿಡಿಯಿರಿ. ಮೊಟ್ಟೆಯನ್ನು ಮೆಲ್ಲಗೆ ಓರೆ ಮಾಡಿದಾಗ ಗಾಳಿಕೋಶದ ಅಂಚು ಕದಲದೆ ನಿಂತರೆ ಚೆನ್ನಾಗಿದೆ. ಕುದುರೆ ಜೀನಿನ ಹಾಗೆ ಪಕ್ಕಕ್ಕೆ ಇಳಿಬಿದ್ದಿದ್ದರೆ ಪೊರೆ ಸಡಿಲ ಆಗಿದೆ. ಮಟ್ಟಗೋಲಿನ ಗುಳ್ಳೆ ಥರ ಮೊಟ್ಟೆ ತಿರುಗಿಸಿದ ಕಡೆಗೆಲ್ಲ ಗಾಳಿ ಓಡಾಡಿದರೆ ಪೂರ್ತಿ ಬಿಟ್ಟುಕೊಂಡಿದೆ, ಅದರ ಮೇಲೆ ಹೆಚ್ಚು ಆಸೆ ಬೇಡ. ಪ್ರತಿ ಮೊಟ್ಟೆ ಮೇಲೆ ಪೆನ್ಸಿಲ್‌ನಲ್ಲಿ 1, 2, 3 ಅಂತ ಗುರುತು ಹಾಕಿ. ಈ ಗುರುತು ಕೊನೆಯಲ್ಲಿ ಕೆಲಸಕ್ಕೆ ಬರುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ಆ ಮೊಟ್ಟೆಯನ್ನು ಕಾವಿಗೆ ಇಡಬೇಡಿ. ತೊಳೆಯೋದಂತೂ ಬೇಡವೇ ಬೇಡ.

ಆಮೇಲೆ ವಿಶ್ರಾಂತಿ. ದಪ್ಪ ತುದಿ ಮೇಲೆ ಬರೋ ಹಾಗೆ ಮೊಟ್ಟೆ ಟ್ರೇನಲ್ಲಿ ನಿಲ್ಲಿಸಿ 24 ಗಂಟೆ ಮುಟ್ಟದೆ ಬಿಡಿ. ಫ್ರಿಡ್ಜ್‌ನಲ್ಲಿ ಬೇಡ, ಅಲ್ಲಿ ಚಳಿ ಜಾಸ್ತಿ. ಮನೆಯಲ್ಲಿ ನೆಲ ತಂಪಾಗಿರೋ ಮೂಲೆ, ಕುಡಿಯೋ ನೀರಿನ ಮಡಕೆ ಪಕ್ಕ ಆದರೆ ಒಳ್ಳೇದು. ಸ್ವಲ್ಪ ಸಡಿಲಾದ ಗಾಳಿಕೋಶ ಎಷ್ಟೋ ಸಲ ಈ ಒಂದು ದಿನದಲ್ಲೇ ಮತ್ತೆ ನೆಲೆ ನಿಲ್ಲುತ್ತದೆ. ಇನ್ನೂ ಎರಡು ದಿನ ಇರಲಿ ಅಂತ ಬಿಡಬೇಡಿ. ಮೊಟ್ಟೆ ಇಟ್ಟು ಒಂದು ವಾರ ದಾಟಿದರೆ ಮರಿ ಆಗೋ ಶಕ್ತಿ ಇಳಿಯುತ್ತಾ ಹೋಗುತ್ತದೆ.

ಮುಖ್ಯ ಬದಲಾವಣೆ ಮಾಡಬೇಕಿರೋದು ಮೊಟ್ಟೆ ತಿರುಗಿಸೋದರಲ್ಲಿ. ಮಾರ್ಕೆಟ್‌ನಲ್ಲಿ ಸಿಗೋ ಸಣ್ಣ ಇನ್‌ಕ್ಯುಬೇಟರ್‌ಗಳಲ್ಲಿ ರೋಲರ್ ಇರುತ್ತದೆ, ಮೊಟ್ಟೆ ಅಡ್ಡ ಮಲಗಿ ಉರುಳುತ್ತದೆ. ಒಳ್ಳೆ ಮೊಟ್ಟೆಗೆ ಅದು ಸರಿ. ಪೊರೆ ಸಡಿಲಾದ ಮೊಟ್ಟೆಗೆ ಉರುಳಾಟ ಅಂದ್ರೆ ಗಾಯದ ಮೇಲೆ ಬರೆ. ನಾನು ರೋಲರ್ ತೆಗೆದಿಟ್ಟು, ಮೊಟ್ಟೆ ಬರೋ ರಟ್ಟಿನ ಟ್ರೇಯನ್ನು ಕತ್ತರಿಸಿ ಒಳಗಿಡ್ತೀನಿ. ಗಾಳಿ ಆಡೋಕೆ ಪ್ರತಿ ಗುಳಿಯ ತಳದಲ್ಲಿ ಒಂದೊಂದು ತೂತು ಇರಬೇಕು. ಮೊದಲ ಮೂರು ದಿನ ತಿರುಗಿಸೋದೇ ಇಲ್ಲ. ನಾಲ್ಕನೇ ದಿನದಿಂದ ಟ್ರೇಯ ಒಂದು ಬದಿಗೆ ಮರದ ತುಂಡು ಕೊಟ್ಟು ಓರೆ ಮಾಡ್ತೀನಿ, ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ, ರಾತ್ರಿ ಮತ್ತೆ ಮೊದಲಿನ ಕಡೆ. ಮೊಟ್ಟೆ ವಾಲಬೇಕು, ಉರುಳಬಾರದು. ಪೂರ್ತಿ ಅಲ್ಲಾಡಿಸದೇ ಬಿಟ್ಟರೆ ಆಗಲ್ವಾ ಅಂತ ಕೇಳ್ತಾರೆ. ಆಗಲ್ಲ, ಭ್ರೂಣ ಪೊರೆಗೆ ಅಂಟಿಕೊಂಡುಬಿಡುತ್ತದೆ.

ಶಾಖದಲ್ಲಿ ಬದಲಾವಣೆ ಇಲ್ಲ. ಫ್ಯಾನ್ ಇರೋ ಇನ್‌ಕ್ಯುಬೇಟರ್ ಆದರೆ 37.5 ಡಿಗ್ರಿ. ಫ್ಯಾನ್ ಇಲ್ಲದ ಥರ್ಮೋಕೋಲ್ ಪೆಟ್ಟಿಗೆ ಆದರೆ ಮೊಟ್ಟೆಯ ಮೇಲ್ಮಟ್ಟದಲ್ಲಿ ಅಳೆದಾಗ ಸುಮಾರು 38.3. ತೇವಾಂಶದ ವಿಷಯದಲ್ಲಿ ಮಾತ್ರ ಮೀಟರ್‌ಗಿಂತ ತಕ್ಕಡಿಯನ್ನೇ ನಾನು ನಂಬೋದು. 18 ದಿನದಲ್ಲಿ ಮೊಟ್ಟೆ ತನ್ನ ತೂಕದಲ್ಲಿ ಶೇ. 11ರಿಂದ 13ರಷ್ಟು ಕಳೆದುಕೊಳ್ಳಬೇಕು, ಆಗಲೇ ಗಾಳಿಕೋಶ ಬೇಕಾದಷ್ಟು ದೊಡ್ಡದಾಗೋದು. 50 ಗ್ರಾಂ ಮೊಟ್ಟೆ ಆದರೆ 6 ಗ್ರಾಂ ಇಳಿದು 44 ಆಗಬೇಕು. 7ನೇ ದಿನಕ್ಕೆ 2ರಿಂದ 2.5 ಗ್ರಾಂ ಇಳಿದಿದೆಯಾ ನೋಡಿ. ಇಳಿದಿಲ್ಲ ಅಂದ್ರೆ ನೀರಿನ ಬಟ್ಟಲು ಚಿಕ್ಕದು ಮಾಡಿ, ಜಾಸ್ತಿ ಇಳಿದಿದ್ದರೆ ದೊಡ್ಡದು ಮಾಡಿ. ಮಳೆಗಾಲದಲ್ಲಿ ಕರಾವಳಿ ಮಲೆನಾಡಿನವರು ಮೊದಲ ದಿನಗಳಲ್ಲಿ ನೀರೇ ಇಡದಿದ್ದರೂ ನಡೆಯುತ್ತದೆ. ಬೇಸಿಗೆಯ ಕಲಬುರಗಿ, ರಾಯಚೂರಲ್ಲಿ ಅದೇ ಲೆಕ್ಕ ಹಿಡಿದರೆ ಮರಿ ಒಣಗಿ ಹೋಗುತ್ತದೆ. ಯೂಟ್ಯೂಬ್‌ನಲ್ಲಿ ಹೇಳೋ ಒಂದೇ ನಂಬರ್ ಎಲ್ಲಾ ಊರಿಗೂ ಹೊಂದಲ್ಲ.

10ನೇ ದಿನ ಮತ್ತೆ ಟಾರ್ಚ್ ಹಿಡಿಯಿರಿ. ರಕ್ತನಾಳ ಹರಡಿದ್ದರೆ ಜೀವ ಇದೆ. ಉಂಗುರದ ಹಾಗೆ ಕೆಂಪು ಗೆರೆ ಮಾತ್ರ ಕಂಡರೆ ಸತ್ತಿದೆ. ವಾಸನೆ ಬಂದದ್ದನ್ನು ತಕ್ಷಣ ಹೊರಗೆ ಹಾಕಿ, ಒಳಗೆ ಒಡೆದರೆ ಉಳಿದ ಮೊಟ್ಟೆಗಳಿಗೂ ಕೆಡುಕು.

18ನೇ ದಿನ ಗಾಳಿಕೋಶದ ಅಂಚಿನ ಉದ್ದಕ್ಕೂ ಪೆನ್ಸಿಲ್ ಗೆರೆ ಎಳೆಯಿರಿ, ಓರೆ ಮಾಡೋದನ್ನು ನಿಲ್ಲಿಸಿ, ತೇವಾಂಶವನ್ನು ಶೇ. 65-70ಕ್ಕೆ ಏರಿಸಿ. ಬೇರೆ ಮೊಟ್ಟೆಗಳನ್ನು ಈ ಹೊತ್ತಿಗೆ ಮಲಗಿಸ್ತೀವಿ, ಇವನ್ನು ಮಾತ್ರ ಟ್ರೇನಲ್ಲಿ ನಿಂತ ಹಾಗೇ ಬಿಡಬೇಕು. ಜೀನಿನ ಆಕಾರದ ಗಾಳಿಕೋಶ ಇದ್ದರೆ ಮರಿ ಚಿಪ್ಪನ್ನು ಪಕ್ಕದಲ್ಲಿ, ಕೆಳಗೆ ಕೂಡ ಒಡೆಯಬಹುದು. ಅದಕ್ಕೇ ಟ್ರೇ ಗುಳಿಯ ಗೋಡೆ ಗಿಡ್ಡ ಮಾಡಿ, ಒಡೆದ ಜಾಗ ಕಾಣಬೇಕು, ಗಾಳಿಯೂ ಸಿಗಬೇಕು. ಮೊದಲ ಬಿರುಕು ಬಿಟ್ಟ ಮೇಲೆ ಮರಿ ಆಚೆ ಬರೋಕೆ ಒಂದು ದಿನವೇ ಹಿಡಿದರೂ ಗಾಬರಿ ಬೀಳಬೇಡಿ. ಚಿಪ್ಪು ಸುಲಿಯೋಕೆ ಹೋದರೆ ಪೊರೆಯ ರಕ್ತನಾಳ ಹರಿದು ಮರಿ ಸಾಯುತ್ತದೆ. ಮುಚ್ಚಳ ತೆರೆದು ತೆರೆದು ನೋಡೋದೂ ಅಷ್ಟೇ ಕೆಟ್ಟದ್ದು.

ಇನ್ನೊಂದು ಮಾತು. ಹೊರಗಿಂದ ತರಿಸಿದ ಮೊಟ್ಟೆ ಜೊತೆ ನಿಮ್ಮ ಮನೆಯ ನಾಟಿ ಕೋಳಿಯದ್ದು ನಾಲ್ಕೈದು ಮೊಟ್ಟೆ ಹಾಕಿ. ಅವೂ ಮರಿ ಆಗದಿದ್ದರೆ ಇನ್‌ಕ್ಯುಬೇಟರ್‌ನಲ್ಲೇ ತೊಂದರೆ ಇರಬಹುದು. ಅವು ಚೆನ್ನಾಗಿ ಮರಿಯಾಗಿ, ಬಂದ ಮೊಟ್ಟೆಗಳಲ್ಲಿ ಸಡಿಲ ಅಂತ ಬರೆದವು ಮಾತ್ರ ಕೆಟ್ಟಿದ್ದರೆ ದಾರಿಯ ಏಟು. ಮುಂದಿನ ಸಲ ಒಂದೊಂದು ಮೊಟ್ಟೆಯನ್ನೂ ಬೇರೆ ಬೇರೆ ಸುತ್ತಿ, ದಪ್ಪ ತುದಿ ಮೇಲೆ ಮಾಡಿ ಪ್ಯಾಕ್ ಮಾಡೋಕೆ ಹೇಳಿ, ಬೇಸಿಗೆ ಬಿಟ್ಟು ತರಿಸಿ. ಗಾಳಿಕೋಶ ಗಟ್ಟಿಯಾಗಿದ್ದ ಮೊಟ್ಟೆಗಳೂ 10ನೇ ದಿನ ಖಾಲಿ ಕಂಡರೆ ಹುಂಜ-ಹೇಂಟೆಗಳ ಬಗ್ಗೆ, ಮೊಟ್ಟೆ ಎಷ್ಟು ಹಳೇದು ಅನ್ನೋದರ ಬಗ್ಗೆ ಮಾರಿದವರನ್ನು ಕೇಳಬೇಕಾಗುತ್ತದೆ. ಪಾರ್ಸೆಲ್ ಬಿಚ್ಚೋವಾಗ ಮಾಡಿದ ವಿಡಿಯೋ, ಟಾರ್ಚ್ ಬೆಳಕಿನ ಫೋಟೋ ಮೊಬೈಲ್‌ನಲ್ಲಿ ಇದ್ದರೆ ಆ ಮಾತುಕತೆ ಸಲೀಸು.