ಮೂರು ತಿಂಗಳು ಮಾತ್ರೆ ನುಂಗಿದರೂ ರಕ್ತ ಏರಲಿಲ್ಲ, ಯಾಕೆ?

ಈ ವಾರ ರಕ್ತಹೀನತೆ ಬಗ್ಗೆ ಮಾತಾಡೋಣ. ನಾನು ಡಾಕ್ಟರ್ ಅಲ್ಲ, ಮೊದಲೇ ಹೇಳಿಬಿಡ್ತೀನಿ. ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ನಮ್ಮ ಅಕ್ಕನಿಂದ.

ಅವಳಿಗೆ 38 ವರ್ಷ. ಮೆಟ್ಟಿಲು ಹತ್ತಿದರೆ ಏದುಸಿರು, ಯಾವಾಗಲೂ ಸುಸ್ತು. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.6. ಗರ್ಭಿಣಿಯಲ್ಲದ ಹೆಂಗಸರಿಗೆ ಕನಿಷ್ಠ 12 ಇರಬೇಕು. ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಮೂರು ತಿಂಗಳು ಒಂದು ದಿನವೂ ತಪ್ಪಿಸದೆ ನುಂಗಿದಳು. ಮತ್ತೆ ಪರೀಕ್ಷೆ ಮಾಡಿಸಿದರೆ 8.9!

ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: "ಮಾತ್ರೆ ಯಾವುದರ ಜೊತೆ ತಗೋತೀರಮ್ಮ?" ತಿಂಡಿ ಆದ ಮೇಲೆ, ಕಾಫಿ ಜೊತೆ ಅಂದಳು. ಅದರ ಜೊತೆಗೇ ಕ್ಯಾಲ್ಸಿಯಂ ಮಾತ್ರೆ ಕೂಡ. ಮರೆತುಹೋಗಬಾರದಲ್ಲ, ಅದಕ್ಕೆ.

ತಪ್ಪಾಗಿದ್ದು ಅಲ್ಲೇ. ಕಾಫಿ, ಚಹಾದಲ್ಲಿರುವ ಪಾಲಿಫಿನಾಲ್ ಎಂಬ ಅಂಶಗಳು ಹೊಟ್ಟೆಯಲ್ಲಿ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ, ಕರುಳು ಅದನ್ನು ಹೀರಿಕೊಳ್ಳೋಕೆ ಬಿಡೋದಿಲ್ಲ. 1983ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಊಟದ ಜೊತೆ ಒಂದು ಕಪ್ ಕಾಫಿ ಕುಡಿದರೆ ಕಬ್ಬಿಣದ ಹೀರಿಕೆ 39 ಶೇಕಡ ಇಳಿಯಿತು, ಚಹಾ ಕುಡಿದರೆ 64 ಶೇಕಡ. ನನಗೆ ಆಶ್ಚರ್ಯ ಆಗಿದ್ದು ಇದಲ್ಲ. ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದ ಕಾಫಿಯಿಂದ ಏನೂ ತೊಂದರೆ ಆಗಲಿಲ್ಲ, ಒಂದು ಗಂಟೆ ಆದ ಮೇಲೆ ಕುಡಿದದ್ದು ಮಾತ್ರ ಜೊತೆಗೆ ಕುಡಿದಷ್ಟೇ ಕೆಡಿಸಿತು. ನಮ್ಮ ಮನೆಗಳಲ್ಲಿ ತಿಂಡಿ ಮುಗಿದ ಮೇಲೇ ತಾನೇ ಫಿಲ್ಟರ್ ಕಾಫಿ? ಬೆಳಗ್ಗೆ ಎದ್ದ ತಕ್ಷಣ ಕುಡಿದುಬಿಡಿ, ತಿಂಡಿಗೆ ಒಂದು ಗಂಟೆ ಬಿಡಿ. ಕಾಫಿ ಬಿಡಿ ಅಂದರೆ ಯಾರು ಕೇಳ್ತಾರೆ, ನಾನೇ ಕೇಳಲ್ಲ.

ಹಾಲು ಮತ್ತು ಕ್ಯಾಲ್ಸಿಯಂ ಮಾತ್ರೆಯೂ ಕಬ್ಬಿಣಕ್ಕೆ ಅಡ್ಡ ಬರುತ್ತವೆ. ಹಾಗಾಗಿ ಒಂದು ಬೆಳಗ್ಗೆ, ಇನ್ನೊಂದು ರಾತ್ರಿ ಇರಲಿ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನಿಂಬೆಹಣ್ಣಿನ ನೀರಿನ ಜೊತೆ ತಗೊಂಡರೆ ಒಳ್ಳೇದು. ವಾಕರಿಕೆ ಬಂದರೆ ಸ್ವಲ್ಪ ತಿಂದು ತಗೊಳ್ಳಿ, ನಿಲ್ಲಿಸಬೇಡಿ. ಮಲ ಕಪ್ಪಗಾದರೆ ತುಂಬ ಜನ ಹೆದರಿ ಬಿಟ್ಟುಬಿಡ್ತಾರೆ. ಈ ಮಾತ್ರೆ ತಗೊಂಡಾಗ ಅದು ಮಾಮೂಲು.

ಇನ್ನು ಊಟದ ವಿಷಯ. ಬೀಟ್‌ರೂಟ್, ದಾಳಿಂಬೆ ಕೆಂಪಗಿವೆ ಅಂತ ರಕ್ತ ಹೆಚ್ಚುತ್ತೆ ಅನ್ನೋ ನಂಬಿಕೆ ಇದೆ. ಅವುಗಳಲ್ಲಿ ಕಬ್ಬಿಣ ತೀರಾ ಕಡಿಮೆ. ಬೆಲ್ಲದ ಒಂದು ಸಣ್ಣ ತುಂಡಿನಲ್ಲಿ ಅರ್ಧ ಮಿಲಿಗ್ರಾಂ ಆಸುಪಾಸು; ಹೆಂಗಸರಿಗೆ ದಿನಕ್ಕೆ ಬೇಕಾಗಿರುವುದು 29 ಮಿಲಿಗ್ರಾಂ. ಮೊಳಕೆ ಕಟ್ಟಿದ ಹುರುಳಿ, ಸೊಪ್ಪಿನ ಸಾರು, ಮೇಲೆ ಒಂದಷ್ಟು ನಿಂಬೆರಸ, ಇವು ವಾಸಿ. ಮಾಂಸಾಹಾರಿಗಳಿಗೆ ಕುರಿ ಈಲಿ ಸಿಕ್ಕರೆ ಇನ್ನೂ ವಾಸಿ, ಅದರ ಕಬ್ಬಿಣ ಸುಲಭವಾಗಿ ಮೈಗೆ ಹತ್ತುತ್ತೆ. ಆದರೆ 8.6 ಇದ್ದವರಿಗೆ ಬರೀ ಊಟ ಸಾಲದು, ಮಾತ್ರೆ ಬೇಕೇ ಬೇಕು.

ಇದು ನಮ್ಮ ಮನೆಯೊಂದರ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ 47.8 ಶೇಕಡ ಮಂದಿಗೆ ರಕ್ತಹೀನತೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು.

ಮಾತ್ರೆ ಸರಿಯಾಗಿ ತಗೊಂಡರೂ ಏರದಿದ್ದರೆ ರಕ್ತ ಎಲ್ಲಿ ಹೋಗ್ತಿದೆ ಅಂತ ಹುಡುಕಬೇಕು. ಅಕ್ಕನಿಗೆ ಮುಟ್ಟಿನಲ್ಲಿ ವಿಪರೀತ ಸ್ರಾವ ಇತ್ತು, ಹೇಳಿಕೊಳ್ಳೋಕೆ ಸಂಕೋಚಪಟ್ಟು ಸುಮ್ಮನಿದ್ದಳು. ಸೋರುವ ಕೊಡಕ್ಕೆ ನೀರು ಹುಯ್ದ ಹಾಗೆ. ಬರಿಗಾಲಲ್ಲಿ ಗದ್ದೆಗೆ ಇಳಿಯುವವರಿಗೆ ಕೊಕ್ಕೆಹುಳು, ಸಸ್ಯಾಹಾರಿಗಳಿಗೆ ಬಿ12 ಕೊರತೆ ಕಾರಣ ಇರಬಹುದು. ಗಂಡಸರಿಗೆ, ಮುಟ್ಟು ನಿಂತವರಿಗೆ ಕಬ್ಬಿಣ ಕಡಿಮೆ ಅಂತ ಬಂದರೆ ಅಸಡ್ಡೆ ಮಾಡಬೇಡಿ. ಹೊಟ್ಟೆ, ಕರುಳಿನಲ್ಲಿ ಹುಣ್ಣೋ ಗೆಡ್ಡೆಯೋ ಇದೆಯಾ ಅಂತ ನೋಡಿಸಲೇಬೇಕು.

ಮನೇಲಿ ಚಿಕ್ಕ ಮಕ್ಕಳಿದ್ದರೆ ಈ ಮಾತ್ರೆಗಳನ್ನು ಎತ್ತರದಲ್ಲಿಡಿ. ಪೆಪ್ಪರ್‌ಮಿಂಟ್ ಅಂತ ಒಂದಷ್ಟು ತಿಂದರೆ ಮಗುವಿನ ಜೀವಕ್ಕೇ ಅಪಾಯ.

ಅಕ್ಕ ಈಗ ಬೆಳಗ್ಗೆ ಕಾಫಿ, ರಾತ್ರಿ ಮಲಗುವ ಮುಂಚೆ ಮಾತ್ರೆ. ಸ್ರಾವಕ್ಕೂ ಚಿಕಿತ್ಸೆ ನಡೀತಿದೆ. ಮೂರು ತಿಂಗಳಿಗೆ 11.4 ಆಯ್ತು. ಹನ್ನೆರಡು ಮುಟ್ಟಿದ ಮೇಲೂ ಇನ್ನೂ ಮೂರು ತಿಂಗಳು ಮಾತ್ರೆ ಬಿಡಬಾರದು ಅಂದಿದ್ದಾರೆ, ದೇಹದ ಉಗ್ರಾಣ ತುಂಬೋಕೆ ಅಷ್ಟು ಸಮಯ ಬೇಕಂತೆ.